ಹನ್ನೊಂದು ಒಂದುಗಳ ಮನೆ

ನಮ್ಮ ನಡುಮನೆಗೆ ಕೆಂಪು ಗಾರೆಯ ನೆಲ. ಪುಟ್ಟೇನಹಳ್ಳಿ ಕೆರೆಯ ಹಿಂದಿನ ಬೀದಿಯಲ್ಲಿ ಆಗ ಎಲ್ಲರ ಮನೆಗೂ ಅದೇ ನೆಲ. ಬೇರೆಯವರು ಅದರ ಮೇಲೆ ಊಟಕ್ಕೆ ಕೂರುತ್ತಿದ್ದರು, ಚಾಪೆ ಹಾಸಿ ಮಲಗುತ್ತಿದ್ದರು, ಹಬ್ಬ ಬಂದರೆ ರಂಗೋಲಿ ಬಿಡುತ್ತಿದ್ದರು. ನಾವು ಭಾಗಾಕಾರ ಮಾಡುತ್ತಿದ್ದೆವು. ಸಾಯಂಕಾಲ ದೇವರಿಗೆ ದೀಪ ಹಚ್ಚಿ ಆದ ಮೇಲೆ ನಾಲ್ಕು ಜನ ನಾಲ್ಕು ಮೂಲೆ ಹಿಡಿದು ಕೂತು, ಅಪ್ಪ ಶಾಲೆಯಿಂದ ಜೇಬಿಗೆ ಹಾಕಿಕೊಂಡು ತಂದ ಸೀಮೆಸುಣ್ಣದ ತುಂಡುಗಳಲ್ಲಿ ಒಂದೇ ದೊಡ್ಡ ಸಂಖ್ಯೆಯನ್ನು ಬೇರೆ ಬೇರೆ ಸಂಖ್ಯೆಗಳಿಂದ ಭಾಗಿಸುತ್ತಾ ಹೋಗುವುದು. ಶೇಷ ಎಷ್ಟು ಉಳಿಯಿತು ಅಂತ ನೋಟ್‌ಬುಕ್ಕಿಗೆ ಬರೆದುಕೊಳ್ಳುವುದು, ಒದ್ದೆ ಬಟ್ಟೆಯಲ್ಲಿ ನೆಲ ಒರೆಸುವುದು, ಮುಂದಿನದಕ್ಕೆ ಹೋಗುವುದು. ನಗಬೇಡಿ. ಈಗ ಕೆಂಪಾಪುರದಲ್ಲಿ ನನ್ನ ಹತ್ತಿರ ಟ್ಯೂಷನ್ನಿಗೆ ಬರುವ ಮಕ್ಕಳಿಗೆ ಇದನ್ನು ಹೇಳಿದರೆ, ‘ಆಂಟಿ, ಫೋನಲ್ಲಿ ಒಂದು ಸೆಕೆಂಡು ಕಣ್ರೀ’ ಅಂತ ನಗುತ್ತವೆ. ಒಂದು ಸೆಕೆಂಡೇ. ನಮಗೆ ಅದು ಒಬ್ಬಳ ಬಾಳಿನ ಪ್ರಶ್ನೆಯಾಗಿತ್ತು.

ಆ ಸಂಖ್ಯೆ 11111111111. ಸಾವಿರದ ನೂರಾ ಹನ್ನೊಂದು ಕೋಟಿ, ಹನ್ನೊಂದು ಲಕ್ಷದ ಹನ್ನೊಂದು ಸಾವಿರದ ನೂರಾ ಹನ್ನೊಂದು. ಅಪ್ಪ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಹೊಲ ಗದ್ದೆ ಮಾಡಿಕೊಂಡಿದ್ದ ಮನೆತನದಲ್ಲಿ ಓದಿದವನು ಅವನೊಬ್ಬನೇ, ಅದಕ್ಕೇ ಏನೋ ಅವನಿಗೆ ನೆಲಕ್ಕಿಂತ ಸಂಖ್ಯೆಯ ಮೇಲೆ ಮೋಹ. ಯಾವ ಸಂಖ್ಯೆ ಕಂಡರೂ ಅದರ ಜಾತಿ ಕೇಳದೆ ಬಿಡುತ್ತಿರಲಿಲ್ಲ. ಬೆಸವೋ ಸಮವೋ, ಅವಿಭಾಜ್ಯವೋ ಒಡೆಯುವಂಥದ್ದೋ, ತನ್ನ ಭಾಜಕಗಳನ್ನೆಲ್ಲ ಕೂಡಿದರೆ ತಾನೇ ಬರುವ ಪರಿಪೂರ್ಣವೋ, ಕಡಿಮೆ ಬೀಳುವ ನ್ಯೂನವೋ, ಮಿಗುವ ಅಧಿಕವೋ. ಸಾರಿಗೆ ಉಪ್ಪು ಕಮ್ಮಿಯಾದರೆ ‘ನ್ಯೂನ’ ಅಂತಿದ್ದ, ಅಮ್ಮ ಅವತ್ತು ಮಾತು ಬಿಡುತ್ತಿದ್ದಳು. ಒಂದುಗಳನ್ನೇ ಸಾಲಾಗಿ ಬರೆದರೆ ಬರುವ ಸಂಖ್ಯೆಗಳ ಮೇಲಂತೂ ಅವನಿಗೆ ಹುಚ್ಚು. ಎರಡು ಒಂದು ಬರೆದರೆ ಹನ್ನೊಂದು, ಅದು ಒಡೆಯುವುದಿಲ್ಲ. ಮೂರು ಬರೆದರೆ ಮೂರು ಮೂವತ್ತೇಳಲ. ಐದು ಬರೆದರೆ 41 ಮತ್ತು 271. ಏಳು ಬರೆದರೆ 239 ಮತ್ತು 4649. ಇವೆಲ್ಲ ಒಡೆದವು ಸರಿ, ಹನ್ನೊಂದು ಒಂದುಗಳು ಒಡೆಯುವುದಿಲ್ಲ ಅಂತ ಅವನ ನಂಬಿಕೆ. ಒಡೆಯುವುದಾದರೂ ಯಾವ ಸಂಖ್ಯೆ ಬೇಕಾದರೂ ಅದನ್ನು ಒಡೆಯಲಾರದು, ಇಪ್ಪತ್ತೆರಡರ ಮಗ್ಗಿಗೆ ಒಂದು ಕೂಡಿದರೆ ಬರುವ ಅವಿಭಾಜ್ಯ ಮಾತ್ರ ಒಡೆಯಬಲ್ಲದು ಅಂತ ಉತ್ತರಪತ್ರಿಕೆಗಳ ಬೆನ್ನ ಮೇಲೆ ಲೆಕ್ಕ ಹಾಕಿ ಕಂಡುಕೊಂಡಿದ್ದ. ಅಂಥವನ್ನು ಹತ್ತು ಸಾವಿರದವರೆಗೆ ಒಬ್ಬನೇ ಕೂತು ಒಂದು ವರ್ಷ ನೋಡಿದ್ದ. ಒಂದೂ ತಗಲಿರಲಿಲ್ಲ. ವರ್ಗಮೂಲದವರೆಗೆ, ಅಂದರೆ ಒಂದು ಲಕ್ಷದ ಐದು ಸಾವಿರ ಚಿಲ್ಲರೆಯವರೆಗೆ ನೋಡಿದರೆ ಮುಗಿಯಿತು, ಆಮೇಲೆ ಅದು ಅವಿಭಾಜ್ಯವೇ. ಇಷ್ಟು ದಿನ ಇದು ಅವನೊಬ್ಬನ ಹುಚ್ಚಾಗಿತ್ತು. ಮನೆಯವರೆಲ್ಲ ಅದರೊಳಕ್ಕೆ ಬಿದ್ದದ್ದು ಅಕ್ಕನ ಮದುವೆಯ ಜಗಳದಿಂದ.

ಅಕ್ಕನ ಹೆಸರು ವನಜ. ನನಗಿಂತ ಆರು ವರ್ಷ ದೊಡ್ಡವಳು. ಪಿಯುಸಿ ಮುಗಿಸಿ, ಹದಿನೆಂಟು ತುಂಬಿ, ಯಶವಂತಪುರದ ಕಡೆ ಕಾಲೇಜಿಗೆ ಸೇರಿ ಗಣಿತದಲ್ಲಿ ಬಿಎಸ್ಸಿ ಮಾಡಬೇಕು ಅಂತ ಕೂತಿದ್ದಳು. ಆದರೆ ಅವಳು ತೊಟ್ಟಿಲಲ್ಲಿದ್ದಾಗಲೇ ಅಮ್ಮ ಅಬ್ಬಿಗೆರೆಯ ತನ್ನ ತವರಿಗೆ ಮಾತು ಕೊಟ್ಟುಬಿಟ್ಟಿದ್ದಳು, ಈ ಕೂಸು ನನ್ನ ತಮ್ಮನಿಗೆ ಅಂತ. ತಮ್ಮ ಅಂದರೆ ಮುನಿರಾಜು ಮಾವ. ನಮ್ಮ ಕಡೆ ಸೋದರಮಾವನಿಗೆ ಕೊಡುವುದು ಹೊಸದೇನಲ್ಲ, ಬೀದಿಯಲ್ಲಿ ಎರಡು ಮನೆ ಬಿಟ್ಟು ಮೂರನೇ ಮನೆಯಲ್ಲಿ ಅಂಥದೊಂದು ಜೋಡಿ ಇರುತ್ತಿತ್ತು. ಮಾವ ಕೆಟ್ಟವನಲ್ಲ, ಅದನ್ನು ನಾನು ಹೇಳಲೇಬೇಕು. ಹೊಲದಲ್ಲಿ ಬಾಡಿಗೆ ಮನೆ ಕಟ್ಟಿಸುತ್ತಾ ಸ್ಕೂಟರಿನಲ್ಲಿ ಓಡಾಡಿಕೊಂಡಿದ್ದ, ಬಂದಾಗೆಲ್ಲ ನನಗೆ ಬೆಣ್ಣೆ ಬಿಸ್ಕತ್ತು ತರುತ್ತಿದ್ದ. ಅಕ್ಕನನ್ನು ಎತ್ತಿ ಆಡಿಸಿದವನು ಅವನು. ಅದೇ ಅವಳಿಗೆ ಹೇಸಿಗೆ ಅನ್ನಿಸುತ್ತಿದ್ದದ್ದು. ಅದನ್ನು ಅವಳು ಬಾಯಿಬಿಟ್ಟು ಹೇಳಿದ್ದು ಅಪ್ಪನ ಮುಂದೆ ಒಂದೇ ಸಲ. ಅಪ್ಪ ತಲೆ ತಗ್ಗಿಸಿ ಕೇಳಿಸಿಕೊಂಡ, ‘ನೋಡೋಣ ಮಗಾ’ ಅಂದ.

ಒಂದು ಭಾನುವಾರ ಮಧ್ಯಾಹ್ನ ಮುದ್ದೆ ಊಟದ ಮುಂದೆ ಅಮ್ಮ ತಟ್ಟೆ ಸರಿಸಿ ಕೇಳಿದಳು.

“ಇಂಗೇ ನೋಡಾಣ ನೋಡಾಣ ಅಂತ ಇನ್ನೆಷ್ಟ್ ದಿನ ರೀ? ನನ್ ತಮ್ಮುಂಗೆ ಏನ್ ಯೋಳ್ಲಿ? ನಿಮ್ಗೆ ಮನಸ್ಸಿಗೆ ಬರ್ದಿದ್ರೆ ಮುನೇಶ್ವರನ ಗುಡೀಲಿ ಊವು ಕೇಳ್ಬುಡಾಣ. ದೇವ್ರು ಯೋಳ್ದಂಗಾಗ್ಲಿ.”

ಹೂವು ಕೇಳುವುದು ಅಂದರೆ, ದೇವರ ವಿಗ್ರಹಕ್ಕೆ ಒದ್ದೆ ಹೂವಿನ ಎಸಳು ಅಂಟಿಸಿ, ಮನಸ್ಸಿನಲ್ಲಿ ಪ್ರಶ್ನೆ ಇಟ್ಟುಕೊಂಡು ಕಾಯುವುದು. ಬಲಗಡೆ ಬಿದ್ದರೆ ಆಗಲಿ, ಎಡಗಡೆ ಬಿದ್ದರೆ ಬೇಡ. ಅಪ್ಪನಿಗೆ ಮೈಯೆಲ್ಲ ಉರಿದುಹೋಯಿತು.

“ಕಲ್ಲಿನ ಮೇಲಿಂದ ಜಾರೋ ಹೂವಿಗೆ ನನ್ನ ಮಗಳ ಬಾಳು ಕಟ್ಟಲ್ಲ ನಾನು. ಏನು ಅಂದ್ಕೊಂಡಿದ್ದೀಯ?”

“ಮತ್ತೆ ಯಾವ್ದುಕ್ ಕಟ್ತೀರಾ? ಅದಾರ ಯೋಳಿ.”

ಅಪ್ಪ ಸುತ್ತ ನೋಡಿದ. ನೆಲದ ಮೇಲೆ ಬೆಳಗಿನ ಅವನ ಲೆಕ್ಕ ಇನ್ನೂ ಒರೆಸದೆ ಬಿದ್ದಿತ್ತು. ಅದನ್ನು ತೋರಿಸಿ ಹೇಳಿಯೇಬಿಟ್ಟ.

“ಇದನ್ನ ಕೇಳೋಣ. ಇದು ಸುಳ್ಳು ಹೇಳಲ್ಲ. ಇದು ಒಡೆದ್ರೆ ನಿನ್ನ ತಮ್ಮನಿಗೆ ಕೊಡೋಣ. ಒಡೀದಿದ್ರೆ ವನಜ ಓದ್ತಾಳೆ, ಆಮೇಲೆ ಮದುವೆ ಮಾತು ಎತ್ತಂಗಿಲ್ಲ.”

ಥೂ, ಎಂಥ ಮಾತು! ಆದರೆ ಆಗ ನಮಗ್ಯಾರಿಗೂ ವಿಚಿತ್ರ ಅನ್ನಿಸಲಿಲ್ಲ. ಅಮ್ಮನಿಗೆ ಇದೂ ಒಂದು ಥರ ಹೂವು ಕೇಳುವುದೇ ಅನ್ನಿಸಿತು, ಒಪ್ಪಿಕೊಂಡಳು. ಅಕ್ಕನಿಗೆ ಗೆದ್ದೆ ಅನ್ನಿಸಿತು. ಅಪ್ಪನ ಒಳಲೆಕ್ಕಾಚಾರ ಅವಳಿಗೆ ಗೊತ್ತಿತ್ತು. ಹತ್ತು ಸಾವಿರದವರೆಗೆ ಒಡೆಯದ್ದು ಇನ್ನು ಎಲ್ಲಿ ಒಡೆಯುತ್ತೆ ಅನ್ನುವ ಧೈರ್ಯದ ಮೇಲೆ ಅವನು ಮಗಳ ಕಡೆಗೇ ಪಣ ಕಟ್ಟಿದ್ದ. ಬೇಡ ಅನ್ನುವ ಒಂದು ಮಾತನ್ನು ತಾನು ಆಡಲಾರದೆ ಸಂಖ್ಯೆಯ ಬಾಯಿಂದ ಆಡಿಸಲು ಹೊರಟಿದ್ದ.

ಕೆಲಸ ಹಂಚಿದ್ದು ಹೀಗೆ. ದೊಡ್ಡ ಅವಿಭಾಜ್ಯಗಳೆಲ್ಲ ಒಂದು, ಮೂರು, ಏಳು, ಒಂಬತ್ತರಲ್ಲಿ ಕೊನೆಯಾಗುತ್ತವೆ. ನಾವೂ ನಾಲ್ಕು ಜನ. ಒಂದರಲ್ಲಿ ಕೊನೆಯಾಗುವವು ಅಪ್ಪನಿಗೆ, ಮೂರರವು ಅಮ್ಮನಿಗೆ, ಏಳರವು ಅಕ್ಕನಿಗೆ, ಒಂಬತ್ತರವು ನನಗೆ. ಯಾವ ಯಾವ ಸಂಖ್ಯೆಯಿಂದ ಭಾಗಿಸಬೇಕು ಅನ್ನುವ ಪಟ್ಟಿಯನ್ನು ಪ್ರತಿ ಭಾನುವಾರ ಅಕ್ಕನೇ ಹಾಕಿ, ನಾಲ್ಕು ನೋಟ್‌ಬುಕ್ಕಿಗೂ ತನ್ನ ಮುದ್ದಾದ ಕೈಬರಹದಲ್ಲಿ ಇಳಿಸಿ ಕೊಡುತ್ತಿದ್ದಳು. ಅಮ್ಮ ಏಳನೇ ಕ್ಲಾಸಿಗೆ ಬಿಟ್ಟವಳು. ಆದರೂ ನಮ್ಮೆಲ್ಲರಿಗಿಂತ ಮುಂಚೆ ಮುಗಿಸುತ್ತಿದ್ದಳು. ಅವರೇಕಾಯಿ ಸುಲಿಯುತ್ತಾ ಮೊದಲು ಆ ಸಂಖ್ಯೆಯ ಮಗ್ಗಿ ಒಂಬತ್ತರವರೆಗೆ ಬಾಯಲ್ಲೇ ಹೇಳಿಕೊಂಡು, ಆಮೇಲೆ ಸೆರಗು ಸಿಕ್ಕಿಸಿಕೊಂಡು ನೆಲಕ್ಕೆ ಬಗ್ಗಿದರೆ ಎರಡು ನಿಮಿಷ. ಸೊನ್ನೆ ಬಂತು ಅಂತ ಸುಳ್ಳು ಹೇಳುವ ಹಾಗಿರಲಿಲ್ಲ, ಅಪ್ಪ ಮತ್ತೆ ಮಾಡಿ ನೋಡುತ್ತಿದ್ದ. ಆದರೆ ಬಂದ ಸೊನ್ನೆಯನ್ನು ಮುಚ್ಚಿಡಬಹುದಿತ್ತು, ಯಾಕೆಂದರೆ ಲೆಕ್ಕ ಒರೆಸಿ ಹೋಗುತ್ತಿತ್ತು, ಉಳಿಯುತ್ತಿದ್ದದ್ದು ನಾವು ಬರೆದ ಶೇಷ ಮಾತ್ರ. ನಾನು ಏಳನೇ ಕ್ಲಾಸಿನವಳು, ನನಗೆ ಇದ್ಯಾವ ಯೋಚನೆಯೂ ಇರಲಿಲ್ಲ. ಶೇಷ ಸೊನ್ನೆ ಬಂದರೆ ಹೇಗಿರುತ್ತೆ ಅನ್ನುವ ಆಸೆ ಒಂದೇ. ಅಕ್ಕನಿಗೆ ಏನಾಗುತ್ತೆ ಅಂತ ಗೊತ್ತಿರಲಿಲ್ಲವಾ ಅಂತ ನೀವು ಕೇಳಬಹುದು. ಗೊತ್ತಿತ್ತು. ಗೊತ್ತಿದ್ದೂ ಆಸೆ ಇತ್ತು. ಇದನ್ನು ನಾನು ಇಷ್ಟು ವರ್ಷ ಯಾರಿಗೂ ಹೇಳಿಲ್ಲ.

ಎರಡು ಮೂರು ವಾರ ಹೀಗೇ ನಡೆಯಿತು. ಮಾವ ಒಂದು ಸಾಯಂಕಾಲ ಬಂದವನು ಬಾಗಿಲಲ್ಲೇ ಚಪ್ಪಲಿ ಬಿಟ್ಟು, ಕಾಲಿಡಲು ಜಾಗವಿಲ್ಲದೆ ನಿಂತು, “ಏನ್ ಅಕ್ಕಾ ಇದು, ಮನೇನೋ ಸ್ಕೂಲೋ?” ಅಂತ ನಕ್ಕ. ಯಾಕೆ ಭಾಗಿಸುತ್ತಿದ್ದೇವೆ ಅಂತ ಅವನಿಗೆ ಯಾರೂ ಹೇಳಲಿಲ್ಲ. ಅಕ್ಕ ಎದ್ದು ಹಿತ್ತಲಿಗೆ ಹೋದಳು. ಆ ದಿನಗಳಲ್ಲಿ ಅವಳು ಬೆಳಗ್ಗೆ ಬಚ್ಚಲ ಹಂಡೆಗೆ ಉರಿ ಹಾಕುವ ನೆಪದಲ್ಲಿ ಒಲೆಯ ಮುಂದೆ ಒಂದು ಗಂಟೆ ಕೂರುತ್ತಿದ್ದಳು, ಹೊರಗೆ ಬಂದಾಗ ಅವಳ ಕೈ ಬೆರಳೆಲ್ಲ ಇದ್ದಿಲಿನ ಕಪ್ಪು. ನಾನು ಅದನ್ನು ನೋಡಿದ್ದೆ, ಏನು ಅಂತ ಕೇಳಿರಲಿಲ್ಲ.

ಒಂಬತ್ತರಲ್ಲಿ ಕೊನೆಯಾಗುವ ನನ್ನ ಸಂಖ್ಯೆಗಳು ನೂರಾ ಹತ್ತು ನೂರಾ ಹತ್ತರಂತೆ ಏರುತ್ತಿದ್ದವು, ನಡುವೆ ಅವಿಭಾಜ್ಯ ಅಲ್ಲದವು ಬಿಟ್ಟುಹೋಗುತ್ತಿದ್ದವು. ಅವತ್ತು ಅಕ್ಕನ ಪಟ್ಟಿಯಲ್ಲಿ 21319 ಆದ ಮೇಲೆ ಒಂದು ದೊಡ್ಡ ನೆಗೆತ ಇತ್ತು. ಇಷ್ಟೊಂದು ಯಾಕೆ ಬಿಟ್ಟುಹೋದವು ಅಂತ ನಾನೇ ನೋಡಲು ಕೂತೆ. 21429 ಮೂರರಿಂದ ಹೋಗುತ್ತೆ. 21539 ಏಳರಿಂದ ಹೋಗುತ್ತೆ. 21649 ಯಾವುದರಿಂದಲೂ ಹೋಗಲಿಲ್ಲ. ನೂರಾ ನಲವತ್ತೇಳರವರೆಗೆ ಎಲ್ಲ ಅವಿಭಾಜ್ಯಗಳಿಂದಲೂ ನೋಡಿದೆ, ಜಪ್ಪಯ್ಯ ಅನ್ನಲಿಲ್ಲ. ಅಯ್ಯೋ, ಅಕ್ಕ ಒಂದನ್ನು ಮರೆತುಬಿಟ್ಟಿದ್ದಾಳೆ! ಯಾವತ್ತೂ ತಪ್ಪು ಮಾಡದ ಅಕ್ಕನ ತಪ್ಪು ಹಿಡಿದೆನಲ್ಲ ಅಂತ ನನಗೆ ಹಿಗ್ಗೋ ಹಿಗ್ಗು. ಅದನ್ನು ನಾನೇ ಪಟ್ಟಿಗೆ ಸೇರಿಸಿ ಭಾಗಿಸಲು ಶುರುಮಾಡಿದೆ. ಐದು ಹೋಯಿತು, ಒಂದು ಹೋಯಿತು, ಮೂರು, ಎರಡು, ಮೂರು. ಕೊನೆಯ ಒಂದನ್ನು ಇಳಿಸಿಕೊಂಡಾಗ 194841 ನಿಂತಿತ್ತು. ಇಪ್ಪತ್ತೊಂದು ಸಾವಿರದ ಆರುನೂರಾ ನಲವತ್ತೊಂಬತ್ತನ್ನು ಒಂಬತ್ತರಿಂದ ಗುಣಿಸಿದೆ. 194841. ಕೆಳಗೆ ಗೀಟು ಎಳೆದು ಸೊನ್ನೆ ಬರೆದೆ. ಖುಷಿಗೆ ಎದ್ದು ನಿಂತು ಕೂಗಿದೆ.

“ಅಪ್ಪಾ, ಸೊನ್ನೆ ಬಂತು! ಒಡೀತು! ನಾನು ಒಡೆದೆ! ಅಕ್ಕ ಬಿಟ್ಟಿದ್ಲು, ನಾನು ಹಿಡಿದೆ!”

ಅಕ್ಕ ತಲೆ ಎತ್ತಿ ನನ್ನನ್ನು ನೋಡಿದಳು. ಸಿಟ್ಟಿರಲಿಲ್ಲ ಅವಳ ಮುಖದಲ್ಲಿ, ರಕ್ತವೇ ಇರಲಿಲ್ಲ. ಅಪ್ಪ ಬಂದು ನನ್ನ ಮೂಲೆಯಲ್ಲಿ ಕೂತ. ಅದೇ ಭಾಗಾಕಾರವನ್ನು ಮೂರು ಸಲ ಮಾಡಿದ, ಆಮೇಲೆ 21649ನ್ನು 513239ರಿಂದ ಗುಣಿಸಿ ನೋಡಿದ. ಹನ್ನೊಂದು ಒಂದುಗಳು ಒಂದರ ಪಕ್ಕ ಒಂದು ಬಂದು ಕೂತವು. ಆಮೇಲೆ ಅವನು ನನ್ನ ನೋಟ್‌ಬುಕ್ಕು ತೆಗೆದು, ನನ್ನ ಕೋಳಿಕಾಲಿನ ಅಕ್ಷರದಲ್ಲಿ ಸೇರಿಸಿದ್ದ ಸಂಖ್ಯೆಯ ಮೇಲೆ ಬೆರಳಿಟ್ಟ.

“ವನಜಾ, ಇದು ಪಟ್ಟೀಲಿ ಯಾಕಿಲ್ಲ?”

“ಬಿಟ್ಟುಹೋಯ್ತು ಅಪ್ಪ.”

“ನಿನಗೆ ಬಿಟ್ಟುಹೋಗುತ್ತಾ?”

ಅಕ್ಕ ಕೈಲಿದ್ದ ಸೀಮೆಸುಣ್ಣ ನೆಲಕ್ಕಿಟ್ಟಳು. ಅಪ್ಪನಿಗೆ ಅರ್ಥವಾಯಿತು. ಮಗಳ ಬಾಳು ಹೋಯಿತು ಅನ್ನುವುದಕ್ಕಿಂತ ಮಗಳು ಲೆಕ್ಕದಲ್ಲಿ ಮೋಸ ಮಾಡಿದಳು ಅನ್ನುವುದೇ ಆ ಗಳಿಗೆಯಲ್ಲಿ ಅವನಿಗೆ ದೊಡ್ಡದಾಯಿತು. ಅದನ್ನು ನಾನು ಕಣ್ಣಾರೆ ಕಂಡೆ. ‘ಕೊಟ್ಟ ಮಾತು ಕೊಟ್ಟ ಹಾಗೆ’ ಅಂತ ಒಂದೇ ಒಂದು ಮಾತು ಆಡಿ ಎದ್ದುಹೋದ. ಅಮ್ಮ ಗೆದ್ದಿದ್ದಳಲ್ಲ, ಅವಳಾದರೂ ಹಿಗ್ಗಬೇಕಿತ್ತು. ಅವಳು ತನ್ನ ಮೂಲೆಯ ಲೆಕ್ಕವನ್ನು ಅರ್ಧಕ್ಕೇ ಒರೆಸಿ, ಅನ್ನಕ್ಕೆ ನೀರಿಡಲು ಹೋದಳು.

ಆ ಮೇಲಿನ ಒಂದೂವರೆ ತಿಂಗಳು ನಮ್ಮ ಮನೆಯಲ್ಲಿ ಅಕ್ಕಿ ಹಸನು ಮಾಡುವುದು, ಹಪ್ಪಳ ಒಣಗಿಸುವುದು, ಸೀರೆ ತರುವುದು ನಡೆಯಿತು. ಅಪ್ಪ ಈ ಗಲಾಟೆಯ ನಡುವೆ ಮೂಲೆಯಲ್ಲಿ ಕೂತು 513239 ಇನ್ನೂ ಒಡೆಯುತ್ತದೆಯೇ ಅಂತ ನೋಡುತ್ತಿದ್ದ. ಅದಕ್ಕೆ ಅರ್ಥವೇ ಇರಲಿಲ್ಲ. ಒಡೆಯುವುದಾಗಿದ್ದರೆ ಏಳುನೂರು ಚಿಲ್ಲರೆಯ ಒಳಗೆ ಯಾವುದಾದರೂ ತಗಲಬೇಕಿತ್ತು, ಹತ್ತು ಸಾವಿರದವರೆಗೆ ಅವನು ಎಂದೋ ನೋಡಿ ಮುಗಿಸಿದ್ದ. ಏಳನೇ ಕ್ಲಾಸಿನ ನನಗೇ ಗೊತ್ತಿದ್ದದ್ದು ಮೇಷ್ಟ್ರಿಗೆ ಗೊತ್ತಿರಲಿಲ್ಲವಾ? ಗೊತ್ತಿತ್ತು. ನೆಲ ನೋಡಿಕೊಂಡು ಕೂತರೆ ಮಗಳ ಮುಖ ನೋಡಬೇಕಾಗಿರಲಿಲ್ಲ, ಅಷ್ಟೇ. ಅಕ್ಕ ಅವನ ಮುಂದೆ ಕಾಫಿ ಲೋಟ ಇಟ್ಟು ಒಂದೊಂದು ಸಲ ಅಲ್ಲೇ ನಿಲ್ಲುತ್ತಿದ್ದಳು. ಈಗ ಒಂದು ಮಾತು ಆಡುತ್ತಾನೆ, ಈಗ ಆಡುತ್ತಾನೆ ಅಂತ ನಾನು ಕಾಯುತ್ತಿದ್ದೆ. ಅವನು ಲೋಟ ತೆಗೆದುಕೊಳ್ಳುತ್ತಿದ್ದ, ಕುಡಿಯುತ್ತಿದ್ದ, ಲೋಟ ಕೆಳಗಿಡುತ್ತಿದ್ದ.

ಚಪ್ಪರ ಹಾಕಿದ ದಿನ ಮಧ್ಯಾಹ್ನ, ನೆಂಟರೆಲ್ಲ ಉಂಡು ಮಲಗಿದ್ದಾಗ, ಹಿತ್ತಲ ಒಗೆಯುವ ಕಲ್ಲಿನ ಮೇಲೆ ಅಕ್ಕ ಒಬ್ಬಳೇ ಕೂತಿದ್ದಳು. ಕೈಗೆ ಗೋರಂಟಿ ಮೆತ್ತಿತ್ತು. ನಾನು ಹೋಗಿ ಪಕ್ಕದಲ್ಲಿ ನಿಂತೆ.

“ಅಕ್ಕಾ, ಅದು ನಿಜವಾಗ್ಲೂ ಬಿಟ್ಟುಹೋಗಿತ್ತಾ?”

“ಇಲ್ಲ ಕಣೇ. ನಂಗೆ ತಡೆಯಕ್ಕಾಗ್ಲಿಲ್ಲ. ಹಂಡೆ ಒಲೆ ಮುಂದೆ ಕೂತ್ಕೊಂಡು ನಿಮ್ಮೆಲ್ಲರ ಪಾಲಿಂದೂ ಇದ್ದಿಲಲ್ಲಿ ಮುಂಚೇನೇ ಮಾಡ್ತಾ ಬಂದೆ. ಸೊನ್ನೆ ಬಂತು. ಬಂದಿದ್ದು ನಿನ್ನ ಪಾಲಲ್ಲಿ.”

“ನಂಗ್ಯಾಕೆ ಹೇಳ್ಲಿಲ್ಲ? ಹೇಳಿದ್ರೆ ನಾನು ಬಾಯಿ ಮುಚ್ಕೊಂಡು ಇರ್ತಿದ್ದೆ!”

“ಹೇಳಿದ್ರೆ ನೀನೂ ಸುಳ್ಳು ಬರೀಬೇಕಾಗ್ತಿತ್ತು ಗಿರಿಜಾ. ಅಷ್ಟು ಚಿಕ್ಕ ವಯಸ್ಸಿಗೆ ನಿನ್ನ ತಲೆ ಮೇಲೆ ಅದ್ಯಾಕೆ ಅನ್ನಿಸ್ತು. ಪಟ್ಟೀಲಿ ಬಿಟ್ಟುಬಿಟ್ರೆ ಪಾಪ ನನಗೊಬ್ಬಳಿಗೇ ಇರುತ್ತೆ. ನೀನು ಇಷ್ಟು ಚುರುಕು ಅಂತ ನಂಗೇನು ಗೊತ್ತಿತ್ತು?”

ಅಂದು ನಕ್ಕಳು. ಬೈದಿದ್ದರೆ, ಗೋರಂಟಿ ಕೈಯಲ್ಲೇ ಕಪಾಳಕ್ಕೆ ಎರಡು ಬಿಟ್ಟಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ನಾನು ಅವಳ ಮಡಿಲಲ್ಲಿ ಮುಖ ಇಟ್ಟು ಅತ್ತೆ, ಅವಳು ಕೈಗಳನ್ನು ಮೇಲೆ ಎತ್ತಿ ಹಿಡಿದುಕೊಂಡು, “ಸೀರೆಗೆ ಆಗುತ್ತೆ ಕಣೇ, ಏಳು, ಏಳು” ಅಂತಿದ್ದಳು.

ಮಾವ ಅವಳನ್ನು ಚೆನ್ನಾಗಿಯೇ ನೋಡಿಕೊಂಡ. ಕಾಲೇಜಿನ ಮಾತು ಮಾತ್ರ ಎತ್ತಲಿಲ್ಲ, ಅವಳೂ ಎತ್ತಲಿಲ್ಲ. ಮೊದಲನೇ ಮಗು ಏಳನೇ ತಿಂಗಳಿಗೆ ಹೋಯಿತು. ಎರಡನೇದು ಹುಟ್ಟಿ ಮೂರು ದಿನ ಇತ್ತು. ಹತ್ತಿರದ ಸಂಬಂಧದಲ್ಲಿ ಹೀಗಾಗುವುದು ಜಾಸ್ತಿ ಅಂತ ಡಾಕ್ಟರಮ್ಮ ಅಮ್ಮನನ್ನು ಪಕ್ಕಕ್ಕೆ ಕರೆದು ಹೇಳಿದರಂತೆ. ಅಮ್ಮ ಮನೆಗೆ ಬಂದು ಅದನ್ನು ಹಾಗೇ ನಮಗೆ ಹೇಳಿ, ಅವತ್ತು ಊಟ ಮಾಡಲಿಲ್ಲ. ಮೂರನೇ ಸಲ ಬಸುರಾದಾಗ ಅಕ್ಕ ಕಡ್ಡಿಯ ಹಾಗಾಗಿದ್ದಳು. ಹೆರಿಗೆಗೆ ಪುಟ್ಟೇನಹಳ್ಳಿಗೆ ಬಂದವಳು ವಾಪಸ್ಸು ಹೋಗಲಿಲ್ಲ. ಮಗುವೂ ಉಳಿಯಲಿಲ್ಲ. ಅವಳಿಗೆ ಆಗ ಇಪ್ಪತ್ತೊಂದು. ಮಾವ ನಮ್ಮ ಜಗುಲಿಯ ಕಂಬಕ್ಕೆ ತಲೆ ಚಚ್ಚಿಕೊಂಡು ಅತ್ತದ್ದನ್ನು ಬೀದಿಯವರೆಲ್ಲ ನೋಡಿದರು. ಅಮ್ಮನ ಕಣ್ಣಲ್ಲಿ ಒಂದು ಹನಿ ಬರಲಿಲ್ಲ. ಬಂದವರಿಗೆಲ್ಲ ನೀರು ಕೊಟ್ಟಳು, ಮಾಡಬೇಕಾದ್ದನ್ನೆಲ್ಲ ನಿಂತು ಮಾಡಿಸಿದಳು. ‘ಎಂಥ ಗಟ್ಟಿ ಹೆಂಗಸು’ ಅಂತ ಯಾರೋ ಅಂದದ್ದು ನನ್ನ ಕಿವಿಗೆ ಬಿತ್ತು.

ತಿಥಿ ಮುಗಿದು ನೆಂಟರು ಹೊರಟ ಮೇಲೆ ಒಂದು ಬೆಳಗ್ಗೆ ಅಪ್ಪ ಜಗುಲಿಯಲ್ಲಿ ಕೂತಿದ್ದ. ನನಗೆ ಹದಿನೈದು ನಡೆಯುತ್ತಿತ್ತು. ಸ್ಕೂಲಿಗೆ ಹೊರಟವಳನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡ. ಬೀದಿಯ ಕಡೆ ನೋಡುತ್ತಲೇ ಮೆಲ್ಲಗೆ ಅಂದ.

“ಅವತ್ತು ನೀನು ಹಂಗೆ ಕೂಗದೆ ನನ್ನ ಕಿವೀಲಿ ಬಂದು ಹೇಳಿದ್ದಿದ್ರೆ ಚೆನ್ನಾಗಿತ್ತು ಗಿರಿಜಾ. ನಾನು ಮುಚ್ಚಾಕ್ತಿದ್ದೆ. ವನಜ ಇರ್ತಿದ್ಲು.”

ತಪ್ಪನ್ನೆಲ್ಲ ಹನ್ನೆರಡು ವರ್ಷದ ಹುಡುಗಿಯ ಬಾಯಿ ಮೇಲೆ ಹಾಕುತ್ತಿದ್ದಾನಲ್ಲ! ಹಾಕಿದ್ದು ಸುಳ್ಳೂ ಆಗಿರಲಿಲ್ಲ, ಅದಕ್ಕೇ ಅಷ್ಟು ಉರಿಯಿತು. ಅಪ್ಪನಿಗೆ ಎದುರು ಮಾತಾಡಿದ್ದು ಅದೇ ಮೊದಲು.

“ಮುಚ್ಚಾಕೋಕೆ ಬರುತ್ತೆ, ಬೇಡ ಅನ್ನೋಕೆ ಬರಲ್ವಾ ಅಪ್ಪ ನಿನಗೆ? ಅವತ್ತು ಊಟದ ಹೊತ್ತಲ್ಲಿ ಬೇಡ ಅಂತ ಒಂದು ಸಲ ಅಂದಿದ್ರೆ ಆಗ್ತಿತ್ತಲ್ಲ. ಸಂಖ್ಯೆ ಯಾಕೆ ಬೇಕಾಗಿತ್ತು?”

“ನಿಮ್ಮಮ್ಮ ಕೇಳ್ತಿರ್ಲಿಲ್ಲ ಮಗಾ. ಅವಳು ಮಾತು ಕೊಟ್ಟಿದ್ಲು.”

ಅಮ್ಮ ಒಳಗಿನ ಬಾಗಿಲಲ್ಲಿ ನಿಂತಿದ್ದದ್ದು ನಮ್ಮಿಬ್ಬರಿಗೂ ಗೊತ್ತಿರಲಿಲ್ಲ. ಅವಳು ಹೊಸ್ತಿಲು ದಾಟಿ ಬಂದು ಅಪ್ಪನ ಎದುರಿಗೆ ನಿಂತಳು.

“ಮಾತು ಕೊಟ್ಟೋಳು ನಾನು. ನಾನ್ ಎಂಗ್ರೀ ಮುರೀಲಿ? ನೀವ್ ಮುರೀಬೋದಿತ್ತು. ಗಂಡ ಒಪ್ಪಲ್ಲ ಕಣಪ್ಪಾ ಅಂತ ನನ್ ತಮ್ಮುಂಗೆ ಯೋಳಿ ಕೈ ತೊಳ್ಕೊಂತಿದ್ದೆ. ನೀವ್ ಬೇಡ ಅನ್ಲಿ ಅಂತಾನೇ ದಿನಾ ಕಾದೆ. ಊವು ಕೇಳಾಣ ಅಂದಾಗ್ಲೂ ಕಾದೆ, ಲೆಕ್ಕ ಮಾಡ್ತಾನೂ ಕಾದೆ, ಧಾರೆ ಎರೆಯೋವಾಗ್ಲೂ ನಿಮ್ ಮಕಾನೇ ನೋಡ್ತಿದ್ದೆ. ನೀವ್ ಅನ್ಲೇ ಇಲ್ವಲ್ರೀ!”

ಅಕ್ಕ ಸತ್ತ ದಿನದಿಂದ ಅಳದವಳು ಅವತ್ತು ಬೀದಿಗೆ ಕೇಳಿಸುವ ಹಾಗೆ ಅತ್ತಳು. ಅಪ್ಪ ಅವಳ ಮುಖ ನೋಡಲಿಲ್ಲ, ನನ್ನ ಮುಖವನ್ನೂ ನೋಡಲಿಲ್ಲ. ಸ್ಕೂಲಿಗೆ ಹೊತ್ತಾಯಿತು ಹೋಗು ಅಂತ ನನಗೆ ಹೇಳಿದ.